ಅಮೆರಿಕದ ಮನೆಯಲ್ಲಿ ಫರ್ನೇಸ್, ಎಸಿ ಬದಲಾಯಿಸುವ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಸ್ವಂತ ಮನೆ ಇರುವ ಕನ್ನಡಿಗರಿಗಾಗಿ ಬರೆದದ್ದು. ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸ್, ಹೊರಗೆ ಎಸಿಯ ಕಂಡೆನ್ಸರ್ ಯೂನಿಟ್, ಮನೆಯೊಳಗೆ ಗಾಳಿ ಸಾಗಿಸುವ ಡಕ್ಟ್ ಇರುವ ಮಾಮೂಲಿ ವ್ಯವಸ್ಥೆಗೆ ಇದು ಅನ್ವಯಿಸುತ್ತದೆ. ಬೆಲೆಗಳೆಲ್ಲ ಡಾಲರ್‌ನಲ್ಲಿವೆ. ಊರು, ಋತು, ಮನೆಯ ಸ್ಥಿತಿ ನೋಡಿಕೊಂಡು ಅವು ಮೇಲೆ ಕೆಳಗೆ ಆಗುತ್ತವೆ.

ಎರಡನ್ನೂ ಬದಲಾಯಿಸಲು ಒಟ್ಟು ಎಷ್ಟು ಎತ್ತಿಡಬೇಕು?

ಎರಡು ಎರಡೂವರೆ ಸಾವಿರ ಚದರಡಿಯ ಮನೆ, ಡಕ್ಟ್ ಸುಸ್ಥಿತಿಯಲ್ಲಿದೆ, 80,000 ಬಿಟಿಯು (ಗಂಟೆಗೆ ಇಷ್ಟು ಶಾಖ ಎಂಬ ಅಳತೆ) ಫರ್ನೇಸ್, 3 ಟನ್ ಎಸಿ ಎಂದಿಟ್ಟುಕೊಳ್ಳಿ. ಎರಡೂ ಸೇರಿ ಸಾಮಾನ್ಯವಾಗಿ 10,000ದಿಂದ 18,000 ಆಗುತ್ತದೆ. ಫರ್ನೇಸ್ ಮಾತ್ರ ಆದರೆ 4,000–8,000. ಹೊರಗಿನ ಯೂನಿಟ್ ಮತ್ತು ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲ್ ಸೇರಿ ಎಸಿ ಮಾತ್ರ ಆದರೆ 5,500–10,000. ವೇಗ ಏರಿಳಿಸುವ ವೇರಿಯಬಲ್ ಸ್ಪೀಡ್ ಕಂಪ್ರೆಸರ್, ಉರಿ ಏರಿಳಿಸುವ ಮಾಡ್ಯುಲೇಟಿಂಗ್ ಫರ್ನೇಸ್ ಎಂದು ಮೇಲಿನ ದರ್ಜೆಗೆ ಹೋದರೆ ಇನ್ನೂ ನಾಲ್ಕೈದು ಸಾವಿರ ಸೇರಿಸಿ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ 20,000 ದಾಟಿದ ಕೊಟೇಶನ್ ಬಂದರೆ ಗಾಬರಿಯಾಗಬೇಕಿಲ್ಲ, ಅಲ್ಲಿ ಅದು ಮಾಮೂಲು. ಡಾಲಸ್ ಸುತ್ತಲಿನ ಎರಡು ಅಂತಸ್ತಿನ ದೊಡ್ಡ ಮನೆಗಳಲ್ಲಿ ಹಲವು ಕಡೆ ಎರಡು ಪ್ರತ್ಯೇಕ ವ್ಯವಸ್ಥೆ ಇರುತ್ತವೆ. ಸ್ನೇಹಿತರು ಹೇಳಿದ ಬೆಲೆ ಒಂದಕ್ಕೋ ಎರಡಕ್ಕೋ ಎಂದು ಮೊದಲು ಕೇಳಿಕೊಳ್ಳಿ.

ಆನ್‌ಲೈನ್‌ನಲ್ಲಿ ಇದೇ ಯಂತ್ರಗಳು ನಾಲ್ಕೈದು ಸಾವಿರಕ್ಕೆ ಸಿಗುತ್ತವಲ್ಲ, ಮಿಕ್ಕ ದುಡ್ಡು ಎಲ್ಲಿಗೆ ಹೋಗುತ್ತದೆ?

ಇಬ್ಬರು ಕೆಲಸಗಾರರ ಒಂದೊಂದೂವರೆ ದಿನ, ಹಳೆ ಎಸಿಯ ತಂಪುಗ್ಯಾಸನ್ನು ಹೊರಬಿಡದೆ ಸಿಲಿಂಡರ್‌ಗೆ ತುಂಬಿಕೊಳ್ಳುವುದು, ಹೊಸ ಕಾಯಿಲಿಗೆ ಹೊಂದುವಂತೆ ತಗಡಿನ ಪ್ಲೀನಂ (ಗಾಳಿಯನ್ನು ಡಕ್ಟಿಗೆ ಹಂಚುವ ಪೆಟ್ಟಿಗೆ) ಮಾಡುವುದು, ಗ್ಯಾಸ್ ಪೈಪ್, ವೆಂಟ್, ವೈರಿಂಗ್, ಪರ್ಮಿಟ್, ವಿಮೆ, ಮತ್ತೆ ಕೆಟ್ಟರೆ ಬರಬೇಕಾದ ಖರ್ಚು ಎಲ್ಲ ಅದರಲ್ಲಿ ಸೇರಿದೆ. ಮಾರಾಟಗಾರನ ಕಮಿಷನ್ನೂ ಅದರಲ್ಲೇ ಇದೆ, ಟಿವಿ ಜಾಹೀರಾತು ಕೊಡುವ ದೊಡ್ಡ ಕಂಪನಿಗಳಲ್ಲಿ ಇದು ಸಣ್ಣ ಮೊತ್ತವೇನಲ್ಲ. ಬೆಂಗಳೂರಿನಲ್ಲಿ ಒಂದು ಕೋಣೆಗೆ ಸ್ಪ್ಲಿಟ್ ಎಸಿ ಕೂರಿಸಿದ ಲೆಕ್ಕ ಹಿಡಿದು ಇದನ್ನು ಅಳೆಯಲಾಗದು. ಇಲ್ಲಿ ಇಡೀ ಮನೆಯ ಗಾಳಿ, ಬೆಂಕಿ, ಹೊಗೆ, ನೀರು ನಾಲ್ಕನ್ನೂ ಸರಿಹೊಂದಿಸಬೇಕು. ಒಂದೇ ಯಂತ್ರ ಒಂದು ಮನೆಯಲ್ಲಿ ಇಪ್ಪತ್ತು ವರ್ಷ ಓಡಿ ಇನ್ನೊಂದರಲ್ಲಿ ಎಂಟೇ ವರ್ಷಕ್ಕೆ ಕೈಕೊಡುವುದು ಬಹುಪಾಲು ಕೂರಿಸಿದ ರೀತಿಯಿಂದ. ಬ್ರ್ಯಾಂಡಿನ ಹೆಸರಿಗೆ ಹೆಚ್ಚು ಕೊಡುವ ಬದಲು ಒಳ್ಳೆಯ ಕೆಲಸಕ್ಕೆ ಕೊಡಿ.

ನೀವೇ ಯಂತ್ರ ಕೊಂಡು ತಂದರೆ ಕೂರಿಸಲು ಒಪ್ಪುವವರು ಕಡಿಮೆ. ಒಪ್ಪಿದರೂ ತೊಂದರೆ ಬಂದಾಗ ‘ಯಂತ್ರದ್ದೇ ದೋಷ’ ಎಂದು ಕೈತೊಳೆದುಕೊಳ್ಳುತ್ತಾರೆ. ಲೈಸೆನ್ಸ್ ಇದ್ದವರು ಕೂರಿಸದಿದ್ದರೆ ವಾರಂಟಿ ಇಲ್ಲ ಎನ್ನುವ ತಯಾರಕರೂ ಇದ್ದಾರೆ.

ಎಸಿ ಮಾತ್ರ ಕೆಟ್ಟಿದೆ. ಫರ್ನೇಸನ್ನೂ ಬದಲಾಯಿಸಲೇಬೇಕೇ?

ಬೇಕಿಲ್ಲ. ಆದರೆ ಎಸಿಯ ಕಾಯಿಲ್ ಫರ್ನೇಸಿನ ಮೇಲೇ ಕೂತಿರುತ್ತದೆ, ಗಾಳಿ ತಳ್ಳುವುದು ಫರ್ನೇಸಿನ ಬ್ಲೋವರೇ. ಫರ್ನೇಸಿಗೆ ಹದಿನೈದು ವರ್ಷ ದಾಟಿದ್ದರೆ ಎರಡನ್ನೂ ಒಟ್ಟಿಗೆ ಮಾಡುವುದು ಲಾಭ. ಬಿಚ್ಚುವ, ತಗಡು ಕತ್ತರಿಸುವ ಕೂಲಿ ಒಂದೇ ಸಲ ಬೀಳುವುದರಿಂದ ಸಾವಿರದಿಂದ ಎರಡು ಸಾವಿರ ಉಳಿಯುತ್ತದೆ. ಫರ್ನೇಸಿಗೆ ಆರೇಳು ವರ್ಷವಾಗಿದ್ದರೆ ಬಿಡಿ. ಒಂದು ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿಯನ್ನು ಅದರ ಬ್ಲೋವರ್ ತಳ್ಳಬಲ್ಲದೇ ಎಂದು ನೋಡಿದರೆ ಸಾಕು.

ಹೊರಗಿನ ಯೂನಿಟ್ ಬದಲಿಸಿ ಒಳಗಿನ ಹಳೆ ಕಾಯಿಲ್ ಉಳಿಸುತ್ತೇನೆ ಎನ್ನುವವರನ್ನು ಮಾತ್ರ ಒಪ್ಪಬೇಡಿ. ಹಳೆಯದು ಆರ್-410ಎ ಎಂಬ ತಂಪುಗ್ಯಾಸಿನ ಕಾಯಿಲ್, ಹೊಸದು ಆರ್-454ಬಿ ಅಥವಾ ಆರ್-32 ಗ್ಯಾಸಿನ ಯೂನಿಟ್. ಇವೆರಡೂ ಕೂಡುವುದಿಲ್ಲ. ಗೋಡೆಯೊಳಗೆ ಹಾಯ್ದ ತಾಮ್ರದ ಪೈಪನ್ನು ಉಳಿಸಿಕೊಳ್ಳಬಹುದು. ಅಳತೆ ಸರಿಯಿರಬೇಕು, ಒಳಗಿನ ಹಳೆ ಎಣ್ಣೆ ತೊಳೆಯಬೇಕು, ಸೋರಿಕೆ ಇರಬಾರದು.

ರಿಪೇರಿಯೋ, ಹೊಸದೋ? ತೀರ್ಮಾನ ಹೇಗೆ?

ಫರ್ನೇಸಿನ ಆಯಸ್ಸು ಸಾಮಾನ್ಯವಾಗಿ 15–20 ವರ್ಷ, ಎಸಿಯದು 12–17. ಈ ರಂಗದಲ್ಲಿ ಚಾಲ್ತಿಯಲ್ಲಿರುವ ಒಂದು ಒರಟು ಲೆಕ್ಕವಿದೆ: ಯಂತ್ರದ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ, 5,000 ದಾಟಿದರೆ ಹೊಸದು ನೋಡಿ. ಹತ್ತು ವರ್ಷದ ಎಸಿಗೆ 300ರ ರಿಪೇರಿ ಎಂದರೆ 3,000, ಮಾಡಿಸಿ. ಹದಿನಾಲ್ಕು ವರ್ಷದ್ದಕ್ಕೆ 2,500ರ ಕಂಪ್ರೆಸರ್ ಎಂದರೆ 35,000, ಬಿಡಿ.

ಯಾವುದಕ್ಕೆ ಎಷ್ಟು ಎಂಬ ಅಂದಾಜು ಇದ್ದರೆ ಹೆದರಿಸುವವರ ಮುಂದೆ ನಿಲ್ಲಬಹುದು. ಎಸಿ ಹೊರಗೆ ಗುಂಯ್ ಎನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ ಎಂದರೆ ಮೊದಲ ಅನುಮಾನ ಮೋಟಾರ್ ಶುರುಮಾಡಿಸುವ ಕೆಪಾಸಿಟರ್ ಮೇಲೆ. ಅದರ ಬಿಡಿಭಾಗದ ಬೆಲೆ ಇಪ್ಪತ್ತು ಮೂವತ್ತು, ಹಾಕಿಸಿದರೆ 150–400. ಫರ್ನೇಸ್ ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರುತ್ತಿದ್ದರೆ ಬೆಂಕಿ ಹತ್ತಿದೆಯೇ ಎಂದು ನೋಡುವ ಫ್ಲೇಮ್ ಸೆನ್ಸರ್ ಮಸಿ ಹಿಡಿದಿರುವ ಸಾಧ್ಯತೆಯೇ ಹೆಚ್ಚು, ಒರೆಸಿದರೆ ಸರಿಹೋಗುತ್ತದೆ. ಬೆಂಕಿ ಹೊತ್ತಿಸುವ ಇಗ್ನೈಟರ್ 150–350, ಹೊಗೆ ಹೊರಗೆಳೆಯುವ ಇಂಡ್ಯೂಸರ್ ಮೋಟಾರ್ 500–1,000, ಇಸಿಎಂ (ಎಲೆಕ್ಟ್ರಾನಿಕ್ ನಿಯಂತ್ರಣದ) ಬ್ಲೋವರ್ ಮೋಟಾರ್ 800–1,500, ಒಳಗಿನ ಕಾಯಿಲ್ 1,500–2,500, ಕಂಪ್ರೆಸರ್ 2,000–3,500. ಕೊನೆಯ ಎರಡು ಬಂದಾಗ, ವಾರಂಟಿ ಮುಗಿದಿದ್ದರೆ, ಹೊಸದರ ಮಾತು ಆಡಬಹುದು. ಆರ್-22 ಗ್ಯಾಸಿನ ಹಳೇ ಎಸಿ ಸೋರುತ್ತಿದ್ದರೆ ಯೋಚಿಸಲು ಹೆಚ್ಚೇನಿಲ್ಲ: ಅಮೆರಿಕದಲ್ಲಿ ಆ ಗ್ಯಾಸಿನ ಉತ್ಪಾದನೆ, ಆಮದು 2020ರ ಜನವರಿ 1ರಿಂದಲೇ ನಿಂತಿದೆ.

‘ಹೀಟ್ ಎಕ್ಸ್‌ಚೇಂಜರ್ ಸೀಳಿದೆ, ಇವತ್ತೇ ಬದಲಿಸಿ, ಇಲ್ಲದಿದ್ದರೆ ಜೀವಕ್ಕೆ ಅಪಾಯ’ ಎನ್ನುತ್ತಾರೆ. ನಂಬಬೇಕೇ?

ಅಪಾಯ ಸುಳ್ಳಲ್ಲ. ಬೆಂಕಿ ಉರಿಯುವ ಕೋಣೆಗೂ ಮನೆಯ ಗಾಳಿಗೂ ನಡುವೆ ಇರುವ ಲೋಹದ ಗೋಡೆ ಅದು, ಸೀಳಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರಬಹುದು. ಆದರೆ ಮಾರಾಟ ಕುದುರಿಸಲು ಅತಿ ಹೆಚ್ಚು ಬಳಕೆಯಾಗುವ ವಾಕ್ಯವೂ ಇದೇ. ಸೀಳಿನ ಫೋಟೋ ಅಥವಾ ಕ್ಯಾಮೆರಾ ವಿಡಿಯೋ ಕೇಳಿ, ಕಾರ್ಬನ್ ಮೊನಾಕ್ಸೈಡ್ ಅಳತೆ ಎಷ್ಟು ಬಂತು ಎಂದು ಬರೆಸಿಕೊಳ್ಳಿ. ಆಮೇಲೆ ಫರ್ನೇಸ್ ಆರಿಸಿ, ಇನ್ನೊಂದು ಕಂಪನಿಯಿಂದ ನೋಡಿಸಿ. ಮೊದಲಿನವರು ಏನು ಹೇಳಿದರೆಂದು ಎರಡನೆಯವರಿಗೆ ತಿಳಿಸದೆ ಕರೆಯುವುದು ಉತ್ತಮ. ಹೀಟ್ ಎಕ್ಸ್‌ಚೇಂಜರಿಗೆ 20 ವರ್ಷದ ಅಥವಾ ಜೀವಮಾನದ ವಾರಂಟಿ ಕೊಟ್ಟ ಮಾಡೆಲ್‌ಗಳು ಬಹಳ ಇವೆ, ಸೀರಿಯಲ್ ನಂಬರ್ ಹಿಡಿದು ತಯಾರಕರಲ್ಲಿ ವಿಚಾರಿಸಿ. ಬಿಡಿಭಾಗ ಪುಕ್ಕಟೆ ಬಂದರೂ ಕೂಲಿ ಸಾವಿರದ ಮೇಲೆ ಹೋಗುತ್ತದೆ.

ಚಳಿಯಲ್ಲಿ ನಾಲ್ಕು ದಿನ ತಳ್ಳಲು 1,500 ವಾಟಿನ ಎಲೆಕ್ಟ್ರಿಕ್ ಹೀಟರ್ ಸಾಕಾಗುತ್ತದೆ. ಎಕ್ಸ್‌ಟೆನ್ಶನ್ ಕಾರ್ಡ್ ಬಳಸದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ, ಒಂದು ಸರ್ಕ್ಯೂಟಿಗೆ ಒಂದೇ ಹೀಟರ್ ಇರಲಿ. ನೀರು ಹೆಪ್ಪುಗಟ್ಟುವ ಚಳಿಯಾದರೆ ಹೊರಗೋಡೆಯ ನಲ್ಲಿಗಳನ್ನು ಸಣ್ಣಗೆ ಹನಿಯಲು ಬಿಡಿ. ಮಲಗುವ ಕೋಣೆಗಳ ಹತ್ತಿರ ಮತ್ತು ಪ್ರತಿ ಅಂತಸ್ತಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಲೇಬೇಕು.

ಎಷ್ಟು ಟನ್, ಎಷ್ಟು ಬಿಟಿಯು ಬೇಕು? ಈಗ ಇರುವ ಸೈಜೇ ಸಾಕಲ್ಲವೇ?

ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು. ಹೊರಗಿನ ಯೂನಿಟ್ಟಿನ ಮಾಡೆಲ್ ನಂಬರಿನೊಳಗೆ 024, 030, 036 ಎಂದು ಕಂಡರೆ ಅದು 2, 2.5, 3 ಟನ್. ಆದರೆ ಹಳೆಯ ಸೈಜ್ ಸರಿಯಾಗಿತ್ತು ಎನ್ನಲು ಆಧಾರವೇನು? ಮನೆ ಕಟ್ಟಿಸಿದವರು ಕಣ್ಣಂದಾಜಿನಲ್ಲಿ ಹಾಕಿರಬಹುದು, ನೀವು ಆಮೇಲೆ ಕಿಟಕಿ ಬದಲಿಸಿ ಅಟ್ಟಕ್ಕೆ ಇನ್ಸುಲೇಶನ್ ತುಂಬಿಸಿರಬಹುದು. ಕೋಣೆಗಳ ಅಳತೆ, ಕಿಟಕಿಯ ದಿಕ್ಕು, ಇನ್ಸುಲೇಶನ್ ಎಲ್ಲ ಹಾಕಿ ಮಾಡುವ ‘ಮ್ಯಾನ್ಯುಯಲ್ ಜೆ’ ಲೆಕ್ಕವೇ ಸರಿಯಾದ ದಾರಿ. ‘ಐನೂರು ಚದರಡಿಗೆ ಒಂದು ಟನ್’ ಎಂದು ಬಾಗಿಲಲ್ಲೇ ನಿಂತು ಹೇಳುವವರು ಲೆಕ್ಕ ಮಾಡಿಲ್ಲ ಎಂದೇ ಅರ್ಥ.

ದೊಡ್ಡದು ಹಾಕಿದರೆ ಒಳ್ಳೆಯದಲ್ಲವೇ ಎನ್ನುವುದು ನಮ್ಮವರ ಸಹಜ ಆಲೋಚನೆ. ಎಸಿಯಲ್ಲಿ ಅದು ತಿರುಗಿ ಬೀಳುತ್ತದೆ. ಬೇಗ ತಣ್ಣಗಾಗಿಸಿ ಬೇಗ ನಿಲ್ಲುವುದರಿಂದ ಗಾಳಿಯ ತೇವ ಇಳಿಯುವುದಿಲ್ಲ, ಮನೆ ತಂಪಾಗಿದ್ದರೂ ಅಂಟಂಟು. ಫರ್ನೇಸಿನಲ್ಲಿ ಗಳಿಗೆಗೊಮ್ಮೆ ಹತ್ತಿ ಆರುವುದರಿಂದ ಹೀಟ್ ಎಕ್ಸ್‌ಚೇಂಜರ್ ಸೀಳುವುದು ಬೇಗ, ಹತ್ತಿರದ ಕೋಣೆ ಕಾದು ದೂರದ ಕೋಣೆ ಚಳಿಯಲ್ಲೇ ಉಳಿಯುತ್ತದೆ. ಡಕ್ಟಿನ ಒಳಗಿನ ಒತ್ತಡ ಅಳೆಸುವುದೂ ಅಷ್ಟೇ ಮುಖ್ಯ. ಹೆಚ್ಚಿನ ಫರ್ನೇಸುಗಳನ್ನು 0.5 ಇಂಚು ನೀರಿನ ಒತ್ತಡಕ್ಕೆ ರೂಪಿಸಿರುತ್ತಾರೆ. ಹಳೆ ಯಂತ್ರದಲ್ಲೇ 0.8 ಅಥವಾ 0.9 ತೋರಿಸಿದರೆ ಹೆಚ್ಚಾಗಿ ರಿಟರ್ನ್ ಡಕ್ಟ್ (ಮನೆಯ ಗಾಳಿಯನ್ನು ಯಂತ್ರಕ್ಕೆ ಮರಳಿ ತರುವುದು) ಸಣ್ಣದಿದೆ ಎಂದರ್ಥ. ಹೊಸ ಯಂತ್ರ ತಂದರೂ ಗದ್ದಲ ಮತ್ತು ಕರೆಂಟ್ ಬಿಲ್ ಜಾಸ್ತಿಯಾಗುತ್ತದೆ, ಮೋಟಾರ್ ಬೇಗ ಸುಡುತ್ತದೆ. ಒಂದು ಹೊಸ ರಿಟರ್ನ್ ಹಾಕಲು 500–1,500 ಕೇಳಿದರೆ ಅದು ದಂಡವಲ್ಲ.

80 ಪರ್ಸೆಂಟ್ ಫರ್ನೇಸೋ, 96 ಪರ್ಸೆಂಟಿನದೋ?

ಉರಿದ ಗ್ಯಾಸಿನ ಶಾಖದಲ್ಲಿ ಮನೆಗೆ ಸಿಗುವ ಪಾಲೇ ಈ ಪರ್ಸೆಂಟ್. ಯಾವುದು ಬೇಕೆಂಬುದು ಚಳಿ ಎಷ್ಟು, ಗ್ಯಾಸ್ ಬೆಲೆ ಎಷ್ಟು ಎಂಬುದರ ಮೇಲೆ ನಿಂತಿದೆ. ಮನೆ ಬಿಸಿಮಾಡಲು ವರ್ಷಕ್ಕೆ 600 ಥರ್ಮ್ (ಗ್ಯಾಸ್ ಬಿಲ್ಲಿನ ಅಳತೆ) ಗ್ಯಾಸ್ 80 ಪರ್ಸೆಂಟಿನ ಫರ್ನೇಸಿನಲ್ಲಿ ಉರಿಯುತ್ತಿದ್ದರೆ, 96ರದ್ದಕ್ಕೆ 500 ಸಾಕು. ಥರ್ಮಿಗೆ 1.50 ಹಿಡಿದರೆ ವರ್ಷಕ್ಕೆ 150 ಉಳಿತಾಯ. 96ರದ್ದನ್ನು ಕೂರಿಸಲು ಆಗುವ ಹೆಚ್ಚುವರಿ ಖರ್ಚು 1,500–3,000. ಶಿಕಾಗೋ, ಮಿನಿಯಾಪೊಲಿಸ್‌ನಲ್ಲಿ 96 ತೆಗೆದುಕೊಳ್ಳಿ. ಹ್ಯೂಸ್ಟನ್ನಿನಲ್ಲಿ ಆ ದುಡ್ಡು ಹುಟ್ಟುವುದು ಕಷ್ಟ.

ಬೆಲೆಪಟ್ಟಿಯಲ್ಲಿ ಕಾಣದ ತೊಡಕುಗಳು ಇಲ್ಲೇ ಇವೆ. 90ರ ಮೇಲಿನ ಫರ್ನೇಸ್ ಹೊಗೆಯನ್ನು ಹಳೆಯ ಚಿಮಣಿಗೆ ಬಿಡುವುದಿಲ್ಲ, ಪಿವಿಸಿ ಪೈಪಿನಲ್ಲಿ ಗೋಡೆಯಿಂದ ಹೊರಗೆ ಕಳಿಸುತ್ತದೆ. ಹಾಗಾದಾಗ ಅದೇ ಚಿಮಣಿ ಬಳಸುತ್ತಿದ್ದ ನೀರಿನ ಹೀಟರ್ ಒಂಟಿಯಾಗುತ್ತದೆ. ದೊಡ್ಡ ಚಿಮಣಿಯಲ್ಲಿ ಅದರ ಅಲ್ಪ ಹೊಗೆ ತಣ್ಣಗಾಗಿ ಮೇಲೇರದೆ ಮನೆಯೊಳಗೆ ಮರಳಬಹುದು, ನೀರಾಗಿ ಇಟ್ಟಿಗೆ ಕೊರೆಯಬಹುದು. ಒಳಗೆ ಲೋಹದ ಲೈನರ್ ಇಳಿಸಲು ಸುಮಾರು 800–2,000. ಇದನ್ನು ಹೇಳದೆ ಕೊಟೇಶನ್ ಕೊಟ್ಟವರು ಕಡಿಮೆ ಬೆಲೆಯವರಂತೆ ಕಾಣುತ್ತಾರೆ, ಅಷ್ಟೇ. ಇನ್ನೊಂದು, ಈ ಫರ್ನೇಸುಗಳಿಂದ ಆಮ್ಲೀಯ ನೀರು ಹನಿಯುತ್ತದೆ. ಡ್ರೈನ್ ದೂರವಿದ್ದರೆ ಪಂಪ್ ಬೇಕು, ಬಿಸಿಯಿಲ್ಲದ ಅಟ್ಟದಲ್ಲಿದ್ದರೆ ಆ ನೀರು ಹೆಪ್ಪುಗಟ್ಟಿ ಫರ್ನೇಸ್ ನಿಲ್ಲುತ್ತದೆ.

ಎಸಿಯಲ್ಲಿ ಸಿಯರ್2 ಎಷ್ಟಿರಬೇಕು?

ಎಸಿ ಕರೆಂಟನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಎಂಬುದಕ್ಕೆ 2023ರಿಂದ ಹೊಸ ಅಳತೆ ಸಿಯರ್2, ಅಂಕಿ ಹೆಚ್ಚಿದಷ್ಟೂ ಕರೆಂಟ್ ಕಡಿಮೆ ಸಾಕು. ಕನಿಷ್ಠ ಮಿತಿ ಉತ್ತರದ ರಾಜ್ಯಗಳಲ್ಲಿ 13.4, ದಕ್ಷಿಣದಲ್ಲಿ ಸಾಮಾನ್ಯ ಮನೆ ಗಾತ್ರದವಕ್ಕೆ 14.3. ಡಾಲಸ್‌ನಲ್ಲಿ 3 ಟನ್ ಎಸಿ ವರ್ಷಕ್ಕೆ 1,800 ಗಂಟೆ ಪೂರ್ಣ ಹೊರೆಯಲ್ಲಿ ಓಡಿದೆ ಎಂದುಕೊಂಡರೂ 14.3ರಿಂದ 17ಕ್ಕೆ ಏರಿಸಿದಾಗ ಉಳಿಯುವುದು ಸುಮಾರು 720 ಯೂನಿಟ್ ಕರೆಂಟ್. ಯೂನಿಟ್ಟಿಗೆ 15 ಸೆಂಟ್ ಆದರೆ ಸುಮಾರು 108 ಡಾಲರ್. ಎರಡು ಸಾವಿರ ಹೆಚ್ಚು ಕೇಳಿದರೆ ಹೂಡಿಕೆ ಎನ್ನುವ ಕಾರಣಕ್ಕೆ ಕೊಳ್ಳಬೇಡಿ. ಎರಡು ಸ್ಟೇಜಿನ ಎಸಿ ಸದ್ದಿಲ್ಲದೆ ನಿಧಾನವಾಗಿ ಓಡಿ ತೇವ ಚೆನ್ನಾಗಿ ಇಳಿಸುತ್ತದೆ, ಆ ಸುಖ ಬೇಕಿದ್ದರೆ ಕೊಳ್ಳಿ.

ಎಸಿಯ ಹೊಸ ಗ್ಯಾಸ್ ಬೆಂಕಿ ಹತ್ತಿಕೊಳ್ಳುತ್ತದಂತೆ?

2025ರ ಆರಂಭದಿಂದ ಮನೆಯ ಹೊಸ ಎಸಿಗಳನ್ನು ಆರ್-410ಎ ಬಿಟ್ಟು ಆರ್-454ಬಿ ಅಥವಾ ಆರ್-32ರಲ್ಲಿ ತಯಾರಿಸುತ್ತಿದ್ದಾರೆ. ಇವು ಎ2ಎಲ್ ದರ್ಜೆಯವು, ಅಂದರೆ ಹೊತ್ತಿಕೊಳ್ಳುವ ಗುಣ ಅಲ್ಪ. ಆರ್-454ಬಿ ಯಂತ್ರಗಳ ಕಾಯಿಲಿನಲ್ಲಿ ಸಾಮಾನ್ಯವಾಗಿ ಸೋರಿಕೆ ಸೆನ್ಸರ್ ಇರುತ್ತದೆ, ಸೋರಿದರೆ ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಓಡಿಸುತ್ತದೆ. ಹೆದರಿಕೆ ಬೇಡ. ಹಳೆಯ ಫರ್ನೇಸಿಗೆ ಹೊಸ ಕಾಯಿಲ್ ಹಾಕುವಾಗ ಆ ಸೆನ್ಸರಿನ ನಿಯಂತ್ರಣ ಬೋರ್ಡ್ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿ.

ಎಸಿ ಬದಲು ಹೀಟ್ ಪಂಪ್ ಹಾಕಿಸಬಹುದೇ?

ಹಾಕಿಸಬಹುದು. ಬೇಸಿಗೆಯಲ್ಲಿ ಎಸಿಯಂತೆ, ಚಳಿಗಾಲದಲ್ಲಿ ಹಿಮ್ಮುಖವಾಗಿ ಓಡಿ ಬಿಸಿ ಕೊಡುತ್ತದೆ. ಗ್ಯಾಸ್ ಫರ್ನೇಸ್ ಉಳಿಸಿಕೊಂಡು ಎಸಿಯ ಜಾಗಕ್ಕೆ ಹೀಟ್ ಪಂಪ್ ಇಟ್ಟರೆ, ಅದೇ ದರ್ಜೆಯ ಎಸಿಗಿಂತ ಒಂದೆರಡು ಸಾವಿರ ಹೆಚ್ಚು. ಸಾಧಾರಣ ಚಳಿಗೆ ಹೀಟ್ ಪಂಪ್, ಕೊರೆಯುವ ಚಳಿಗೆ ಫರ್ನೇಸ್. ಕರೆಂಟ್ ದುಬಾರಿಯಾಗಿ ಗ್ಯಾಸ್ ಅಗ್ಗವಾಗಿರುವ ಕಡೆ ಬಿಲ್ ಏರಬಹುದು, ನಿಮ್ಮ ದರ ಹಾಕಿ ಲೆಕ್ಕ ಮಾಡಿ. ಬೇ ಏರಿಯಾದವರು ಇದನ್ನು ಗಂಭೀರವಾಗಿ ನೋಡಬೇಕು: ಅಲ್ಲಿನ ವಾಯು ಗುಣಮಟ್ಟ ಮಂಡಳಿ 2023ರಲ್ಲಿ ಅಂಗೀಕರಿಸಿದ ನಿಯಮದ ಪ್ರಕಾರ 2029ರಿಂದ ಹೊಸದಾಗಿ ಮಾರುವ, ಕೂರಿಸುವ ಮನೆ ಫರ್ನೇಸುಗಳಿಂದ ನೈಟ್ರೋಜನ್ ಆಕ್ಸೈಡ್ ಹೊರಬೀಳುವಂತಿಲ್ಲ. ಈಗ ಇರುವುದನ್ನು ಬಳಸಲು ಅಡ್ಡಿಯಿಲ್ಲ.

ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಹೀಟ್ ಪಂಪಿಗೆ 2,000ದವರೆಗೆ, ಎಸಿ ಅಥವಾ ಫರ್ನೇಸಿಗೆ 600ರವರೆಗೆ ಇದ್ದ 25ಸಿ ಎಂಬ ಫೆಡರಲ್ ತೆರಿಗೆ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅನಂತರ ಕೂರಿಸಿದ್ದಕ್ಕೆ ಇಲ್ಲ. ಮಾರಾಟಗಾರ ಈಗಲೂ ಅದನ್ನು ಕಳೆದು ‘ನಿಮಗೆ ಬೀಳುವ ಬೆಲೆ’ ತೋರಿಸಿದರೆ ಕಾಗದ ಬದಿಗಿಡಿ. ರಾಜ್ಯ ಸರ್ಕಾರ ಮತ್ತು ಕರೆಂಟ್, ಗ್ಯಾಸ್ ಕಂಪನಿಗಳ ರಿಬೇಟ್ ಬೇರೆ, ಅವುಗಳ ವೆಬ್‌ಸೈಟಿನಲ್ಲೇ ನೋಡಿ. ಕೆಲವಕ್ಕೆ ಕೆಲಸ ಶುರುವಾಗುವ ಮೊದಲೇ ಅರ್ಜಿ ಹಾಕಬೇಕು, ಕೆಲವಕ್ಕೆ ಆದಾಯ ಮಿತಿ ಇದೆ.

ಕೊಟೇಶನ್ನಿನಲ್ಲಿ ಏನೇನು ಬರೆದಿರಬೇಕು?

ಮೂರು ಕಡೆಯಿಂದ ತರಿಸಿ. ‘3 ಟನ್ ಎಸಿ, 96% ಫರ್ನೇಸ್, 14,500’ ಎಂಬ ಒಂದೇ ಸಾಲು ಹೋಲಿಕೆಗೆ ಬಾರದು. ಫರ್ನೇಸ್, ಕಾಯಿಲ್, ಕಂಡೆನ್ಸರ್ ಮೂರರ ಪೂರ್ತಿ ಮಾಡೆಲ್ ನಂಬರ್ ಇರಲಿ, ಆ ಮೂರೂ ಒಟ್ಟಿಗೆ ಪರೀಕ್ಷೆಯಾದ ಜೋಡಿ ಎನ್ನುವ ಎಎಚ್‌ಆರ್‌ಐ (ಎಸಿ, ಹೀಟರ್ ತಯಾರಕರ ಸಂಘದ) ನಂಬರೂ ಇರಲಿ. ಪರ್ಮಿಟ್ ಯಾರು ಪಡೆಯುತ್ತಾರೆ, ತಾಮ್ರದ ಪೈಪ್ ಹೊಸದೋ ಹಳೆಯದೋ, ಚಿಮಣಿ ಲೈನರ್, ಡ್ರೈನ್ ಪಂಪ್, ಥರ್ಮೋಸ್ಟ್ಯಾಟ್, ಹೊರಗೆ ಕರೆಂಟ್ ಕಡಿಯುವ ಡಿಸ್ಕನೆಕ್ಟ್ ಪೆಟ್ಟಿಗೆ, ಹಳೆಯದನ್ನು ಸಾಗಿಸುವುದು ಸೇರಿದೆಯೇ? ಹೊಸ ಯೂನಿಟ್ಟಿನ ಲೇಬಲ್ ಮೇಲೆ ಗರಿಷ್ಠ ಬ್ರೇಕರ್ 30 ಆಂಪಿಯರ್ ಎಂದಿದ್ದು ನಿಮ್ಮ ಹಳೇ ಬ್ರೇಕರ್ 40 ಇದ್ದರೆ ಅದನ್ನೂ ಬದಲಿಸಬೇಕು. ಇನ್‌ಸ್ಪೆಕ್ಟರ್ ಬಂದಾಗ ಮೊದಲು ಸಿಕ್ಕಿಬೀಳುವುದು ಇಂಥದ್ದೇ.

ಕ್ಯಾರಿಯರ್ ಮತ್ತು ಬ್ರಯಂಟ್, ಟ್ರೇನ್ ಮತ್ತು ಅಮೆರಿಕನ್ ಸ್ಟ್ಯಾಂಡರ್ಡ್, ರೀಮ್ ಮತ್ತು ರುಡ್, ಗುಡ್‌ಮನ್ ಮತ್ತು ಅಮಾನ ಒಂದೊಂದೇ ಮನೆತನದವು. ಹೆಸರಿನ ಪಟ್ಟಿ ಬೇರೆಯಾದ ಮಾತ್ರಕ್ಕೆ ಎರಡು ಸಾವಿರ ಹೆಚ್ಚು ಕೊಡಬೇಡಿ.

ಕೂರಿಸುವ ದಿನ ಏನು ಗಮನಿಸಬೇಕು?

ತಾಮ್ರ ಬೆಸೆಯುವಾಗ ಪೈಪಿನೊಳಗೆ ನೈಟ್ರೋಜನ್ ಹರಿಸಬೇಕು. ಇಲ್ಲದಿದ್ದರೆ ಒಳಗೆ ಕರಿ ಕಟ್ಟಿ, ಅದು ಉದುರಿ ವಾಲ್ವ್ ಮುಚ್ಚುತ್ತದೆ. ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು, ನಂತರ ವ್ಯಾಕ್ಯೂಮ್ ಪಂಪ್ ಹಾಕಿ 500 ಮೈಕ್ರಾನಿನ (ನಿರ್ವಾತದ ಅಳತೆ) ಕೆಳಗೆ ಎಳೆದು ಪಂಪ್ ಮುಚ್ಚಿದ ಮೇಲೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಹದಿನೈದು ನಿಮಿಷ ಪಂಪ್ ಓಡಿಸಿ ‘ಆಯಿತು’ ಎಂದರೆ ಮೈಕ್ರಾನ್ ಗೇಜ್ ತೋರಿಸಿ ಎನ್ನಿ. ಪೈಪಿನಲ್ಲಿ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ, ಗೊತ್ತಾಗುವ ಹೊತ್ತಿಗೆ ಕೂಲಿಯ ವಾರಂಟಿ ಮುಗಿದಿರುತ್ತದೆ.

ಫರ್ನೇಸಿಗೆ ಗ್ಯಾಸ್ ಒತ್ತಡ ಅಳೆಯಬೇಕು (ನೈಸರ್ಗಿಕ ಅನಿಲಕ್ಕೆ, ಬರ್ನರಿಗೆ ಗ್ಯಾಸ್ ಹಂಚುವ ಮ್ಯಾನಿಫೋಲ್ಡಿನಲ್ಲಿ ಸಾಮಾನ್ಯವಾಗಿ 3.5 ಇಂಚು ನೀರಿನ ಒತ್ತಡ). ಒಳಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣತೆಯ ವ್ಯತ್ಯಾಸ ಲೇಬಲ್ ಮೇಲಿನ ಮಿತಿಯೊಳಗಿರಬೇಕು. ಅಟ್ಟದಲ್ಲಿ ಕೂರಿಸಿದರೆ ಅಡಿಯಲ್ಲಿ ಸೋರಿದ ನೀರು ಹಿಡಿಯುವ ಎರಡನೇ ತಟ್ಟೆ ಮತ್ತು ನೀರು ತುಂಬಿದರೆ ಎಸಿ ನಿಲ್ಲಿಸುವ ಫ್ಲೋಟ್ ಸ್ವಿಚ್ ಕಡ್ಡಾಯವಾಗಿ ಕೇಳಿ. ಐವತ್ತು ಡಾಲರಿನ ಸ್ವಿಚ್ ಇಲ್ಲದೆ ಸಾವಿರಾರು ಡಾಲರಿನ ಸೀಲಿಂಗ್ ಕುಸಿಯುತ್ತದೆ. ಅಳತೆಗಳ ಕಾಗದ ಕೈಗೆ ಬಂದು, ಇನ್‌ಸ್ಪೆಕ್ಷನ್ ಪಾಸಾದ ಮೇಲೆ ಕೊನೆಯ ಕಂತು ಕೊಡಿ.

ವಾರಂಟಿ ಹತ್ತು ವರ್ಷ ಎನ್ನುತ್ತಾರೆ. ಅಂದರೆ ಹತ್ತು ವರ್ಷ ಖರ್ಚಿಲ್ಲವೇ?

ಇದೆ. ಹತ್ತು ವರ್ಷ ಬಿಡಿಭಾಗಕ್ಕೆ ಮಾತ್ರ. ಅದೂ ಸಾಮಾನ್ಯವಾಗಿ 60 ಅಥವಾ 90 ದಿನದೊಳಗೆ ತಯಾರಕರಲ್ಲಿ ನೋಂದಾಯಿಸಿದರೆ, ಇಲ್ಲದಿದ್ದರೆ ಐದಕ್ಕೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಈ ಷರತ್ತನ್ನು ಒಪ್ಪುವುದಿಲ್ಲ, ಆದರೂ ನೋಂದಾಯಿಸಿ. ಕಾಂಟ್ರ್ಯಾಕ್ಟರ್ ಮಾಡುತ್ತಾರೆ ಎಂದು ಸುಮ್ಮನಾಗದೆ ದೃಢೀಕರಣದ ಕಾಗದ ಪಡೆಯಿರಿ. ಕೂಲಿಗೆ ಕಾಂಟ್ರ್ಯಾಕ್ಟರ್ ಕೊಡುವುದು ಒಂದೆರಡು ವರ್ಷ. ಮನೆ ಮಾರಿದರೆ ವಾರಂಟಿ ಹೊಸಬರಿಗೆ ವರ್ಗವಾಗುವ ನಿಯಮ ಬ್ರ್ಯಾಂಡಿಗೊಂದು.

ಬಡ್ಡಿಯಿಲ್ಲದ ಸಾಲ ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಬಡ್ಡಿಯನ್ನು ಯಾರೋ ಕಟ್ಟಲೇಬೇಕು. ಸಾಲ ಕೊಡುವ ಸಂಸ್ಥೆಗೆ ಕಾಂಟ್ರ್ಯಾಕ್ಟರ್ ಶುಲ್ಕ ಕಟ್ಟುತ್ತಾರೆ, ಅದು ನಿಮ್ಮ ಬೆಲೆಯಲ್ಲೇ ಕೂತಿದೆ. ನಗದು ಬೆಲೆ ಎಷ್ಟು ಎಂದು ಬೇರೆ ಕೇಳಿ. ‘ಇಷ್ಟು ತಿಂಗಳು ಬಡ್ಡಿಯಿಲ್ಲ’ ಎನ್ನುವ ಕೆಲವು ಸಾಲಗಳಲ್ಲಿ ಅವಧಿಯೊಳಗೆ ಪೂರ್ತಿ ತೀರದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತಾರೆ. ಮನೆಗೆ ಬಂದು ಸಹಿ ಮಾಡಿಸಿಕೊಂಡ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದುಮಾಡುವ ಹಕ್ಕನ್ನು ಫೆಡರಲ್ ನಿಯಮ ಕೊಡುತ್ತದೆ. ತುರ್ತು ಎಂದು ನೀವೇ ಆ ಹಕ್ಕು ಬಿಟ್ಟುಕೊಟ್ಟಂತೆ ಬರೆಸಿಕೊಳ್ಳಲು ಬಂದರೆ ಓದದೆ ಸಹಿ ಹಾಕಬೇಡಿ.

ಯಾವ ತಿಂಗಳು ಮಾಡಿಸಿದರೆ ಅಗ್ಗ?

ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸು, ಎಸಿಯೂ ಬೇಡದ ಫರ್ನೇಸೂ ಬೇಡದ ಹೊತ್ತು. ಜುಲೈನಲ್ಲಿ ಚೌಕಾಸಿ ನಡೆಯದು.

ಹೊಸದು ಬಂದ ಮೇಲೆ ಬೇಗ ಕೆಡದಂತೆ ಏನು ಮಾಡಬೇಕು?

ಫಿಲ್ಟರ್. ಒಂದಿಂಚಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಿ, ಒಂದಿಂಚಿನದರಲ್ಲಿ ಮರ್ವ್ (ಫಿಲ್ಟರ್ ಎಷ್ಟು ಸೂಕ್ಷ್ಮ ಎಂಬ ಅಂಕಿ) 13 ಹಾಕಿ ಗಾಳಿ ಕಟ್ಟಬೇಡಿ, 8 ಸಾಕು. ಸೂಕ್ಷ್ಮ ಫಿಲ್ಟರ್ ಬೇಕೇಬೇಕಿದ್ದರೆ ಹೊಸದು ಕೂರಿಸುವಾಗಲೇ ನಾಲ್ಕಿಂಚಿನ ಪೆಟ್ಟಿಗೆ ಹಾಕಿಸಿ. ನಮ್ಮ ಅಡುಗೆಮನೆಗಳ ವಿಶೇಷ ಒಂದಿದೆ: ಹೊಗೆಯನ್ನು ಹೊರಗೆ ಕಳಿಸದೆ ಒಳಗೇ ತಿರುಗಿಸುವ ಚಿಮಣಿ ಇದ್ದು, ದಿನಾ ಒಗ್ಗರಣೆ, ವಾರಕ್ಕೆರಡು ಸಲ ಕರಿಯುವುದು ನಡೆದರೆ ಎಣ್ಣೆಯ ಆವಿ ರಿಟರ್ನ್ ಡಕ್ಟಿನ ಮೂಲಕ ಕಾಯಿಲಿಗೆ ಅಂಟಿ ಧೂಳನ್ನು ಹಿಡಿಯುತ್ತದೆ. ಅಂಥ ಮನೆಯಲ್ಲಿ ಫಿಲ್ಟರ್ ಪ್ರತಿ ತಿಂಗಳು ನೋಡಬೇಕು, ಹೊರಗೆ ಹೊಗೆ ಬಿಡುವ ಚಿಮಣಿಗೆ ಖರ್ಚು ಮಾಡಬೇಕು. ಬೇಸಿಗೆ ಶುರುವಾಗುವ ಮುಂಚೆ ಡ್ರೈನ್ ಪೈಪಿಗೆ ಒಂದು ಕಪ್ ವಿನೆಗರ್ ಹಾಕಿ ಪಾಚಿ ತೆಗೆಯಿರಿ. ಹೊರಗಿನ ಯೂನಿಟ್ಟಿನ ಸುತ್ತ ಎರಡಡಿ ಜಾಗ ಬಿಡಿ, ತುಳಸಿ ಕುಂಡ ಇಡಲು ಅದು ಜಾಗವಲ್ಲ.